ಖಾಕಿ ಅಂಗಿ ತೊಟ್ಟ ಐರ್ಲೆಂಡ್

ಗೈದರ್ಸ್‌ಬರ್ಗಿನ ನಮ್ಮ ಲೈಬ್ರರಿಯವರು ವರ್ಷಕ್ಕೆರಡು ಸಲ ಹಳೇ ಪುಸ್ತಕಗಳನ್ನು ಮಾರುತ್ತಿದ್ದರು. ಬಾಗಿಲು ತೆಗೆಯುವುದು ಹತ್ತಕ್ಕೆ, ಸಾಲು ಎಂಟಕ್ಕೇ. ಸಾಲಿನಲ್ಲಿ ನಿಂತವರನ್ನು ನೋಡಿದರೆ ಪರಮ ಸಾಧುಗಳು. ಕೈಯಲ್ಲಿ ಕಾಫಿ, ಬಾಯಲ್ಲಿ ಚಳಿಯ ಮಾತು. ಬಾಗಿಲು ತೆಗೆದದ್ದೇ ತಡ, ಅದೇ ಸಾಧುಗಳು ಒಬ್ಬರನ್ನೊಬ್ಬರು ತಿವಿದುಕೊಂಡು ಓಡುತ್ತಿದ್ದರು. ಧಾರವಾಡದ ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯೊಳಗೆ ಕರವಸ್ತ್ರ ಎಸೆದು ಸೀಟು ಹಿಡಿದು ಬೆಳೆದವಳು ನಾನು. ನನ್ನನ್ನು ತಿವಿದು ಮುಂದೆ ಹೋಗುವವರು ಮೇರಿಲ್ಯಾಂಡಿನಲ್ಲಿ ಇನ್ನೂ ಹುಟ್ಟಿರಲಿಲ್ಲ.

ಅದು ತೊಂಬತ್ತರ ದಶಕ, ನಮಗೆ ಗ್ರೀನ್ ಕಾರ್ಡ್ ಬಂದ ವರ್ಷ. ನಾನು ಹೋಗಿದ್ದು ಒಂದು ಅಡುಗೆ ಪುಸ್ತಕ ಸಿಕ್ಕೀತೇ ಎಂದು. ಮೇಜಿನ ಕೆಳಗೆ ಮೂರು ರಟ್ಟಿನ ಪೆಟ್ಟಿಗೆಗಳು ಹಗ್ಗ ಬಿಗಿಸಿಕೊಂಡು ಕೂತಿದ್ದವು. ಯಾರೋ ತೀರಿಕೊಂಡ ಹಿರಿಯರ ಪುಸ್ತಕಗಳು, ತೆಗೆದುಕೊಂಡರೆ ಮೂರನ್ನೂ ತೆಗೆದುಕೊಳ್ಳಬೇಕು ಎಂದು ಚೀಟಿ ಅಂಟಿಸಿದ್ದರು. ಎಲ್ಲವೂ ಐರ್ಲೆಂಡಿನವು. ಚರಿತ್ರೆ, ಹಾಡು, ಹಳ್ಳಿಯ ಕಥೆ, ಆಲೂಗಡ್ಡೆ ಕೊಳೆತು ಜನ ಸತ್ತ ಬರಗಾಲದ ವರದಿ. ಯಾರೂ ಅತ್ತ ಸುಳಿಯುತ್ತಿರಲಿಲ್ಲ. ನಾನು ಮೇಲಿದ್ದ ಒಂದನ್ನು ಎಳೆದು ನಿಂತಲ್ಲೇ ಬಿಡಿಸಿದೆ.

ಅದರಲ್ಲಿ ಸಾವಿನ ಮನೆಯ ಹೆಂಗಸರ ಬಗ್ಗೆ ಬರೆದಿತ್ತು. ಸತ್ತವರ ಸುತ್ತ ಕೂತು ಅವರ ಗುಣಗಳನ್ನು ಒಂದೊಂದಾಗಿ ಎತ್ತಿ ಹೇಳುತ್ತಾ, ರಾಗ ಹಚ್ಚಿ ಅಳುತ್ತಾರಂತೆ. ಅದಕ್ಕೇ ಹೆಸರಾದ ಮುದುಕಿಯರಿದ್ದರಂತೆ, ಊರಿಂದೂರಿಗೆ ಕರೆಸುತ್ತಿದ್ದರಂತೆ. ನಮ್ಮಜ್ಜ ಹೋದಾಗ ನಮ್ಮ ಓಣಿಯ ಹೆಂಗಸರು ಅತ್ತದ್ದು ಹೀಗೆಯೇ. ಅವನ ರುಮಾಲು, ಅವನ ಎತ್ತು, ಅವನ ಸಿಟ್ಟು, ಎಲ್ಲವೂ ಆ ಹಾಡಿನಲ್ಲಿ ಬಂದಿದ್ದವು. ಹಾಡಿಕೊಂಡು ಅಳುವುದು ನಮ್ಮ ಕಡೆಯ ಹೆಂಗಸರಿಗೆ ಮಾತ್ರ ಗೊತ್ತು ಎಂದು ನಲವತ್ತು ವರ್ಷ ನಂಬಿದ್ದೆನಲ್ಲ! ಮೂರೂ ಪೆಟ್ಟಿಗೆ ನನ್ನವು ಎಂದು ಕೂಗಿಯೇ ಬಿಟ್ಟೆ. ಅಲ್ಲಿ ಪೈಪೋಟಿಗೆ ಯಾರೂ ಇರಲಿಲ್ಲ ಅನ್ನುವುದು ಬೇರೆ ಮಾತು.

ನಮ್ಮ ಮನೆಯವರು ಮೈಸೂರಿನವರು, ಲ್ಯಾಬಿನಲ್ಲಿ ಎಂಜಿನಿಯರ್. ಪೆಟ್ಟಿಗೆಗಳನ್ನು ಮೂರನೇ ಮಹಡಿಗೆ ಹೊತ್ತು ತಂದು, ಸೊಂಟದ ಮೇಲೆ ಕೈಯಿಟ್ಟು ನಿಂತರು.

"ನಿಮ್ಮ ಮನೆತನದಲ್ಲಿ ಯಾರಾದ್ರೂ ಐರಿಶ್ ಇದ್ದಾರೇನೆ? ಮದುವೆಗೆ ಮುಂಚೆ ಹೇಳ್ಬಾರ್ದಿತ್ತಾ?"

"ಇದ್ದಿದ್ರ ನಿಮ್ಮನ್ನ್ಯಾಕ ಮಾಡ್ಕೋತಿದ್ದೆ?" ಎಂದೆ.

ಆ ಚಳಿಗಾಲವಿಡೀ ಓದಿದೆ. ಅನ್ನ ಸೀದುಹೋಗುವಷ್ಟು ಓದಿದೆ. ಇಂಗ್ಲಿಷರ ನಿಷೇಧಕ್ಕೆ ಹೆದರಿ ಕದ್ದುಮುಚ್ಚಿ ಬೇಲಿಯ ಮರೆಯಲ್ಲಿ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದ ಮೇಷ್ಟ್ರುಗಳು, ಸಿಪಾಯಿ ಬಂದನೇ ಎಂದು ಕಾಯಲು ದಿಬ್ಬದ ಮೇಲೊಬ್ಬ ಹುಡುಗಿ. ಓದಿದ್ದನ್ನು ಯಾರಿಗಾದರೂ ಹೇಳದಿದ್ದರೆ ಹೊಟ್ಟೆ ಉಬ್ಬಿ ಸಾಯುತ್ತೇನೆ ಅನಿಸಿತು. ಕನ್ನಡ ಸಂಘದ ಸಂಕ್ರಾಂತಿ ಊಟದಲ್ಲಿ ಬಿಸಿಬೇಳೆ ಬಾತಿನ ಸಾಲಿನಲ್ಲಿ ನಿಂತೇ ಶುರು ಮಾಡಿದೆ. ವರ್ಜೀನಿಯಾದ ಹರ್ನ್‌ಡನ್ನಿಂದ ಬಂದಿದ್ದ ಹೊಸ ಹುಡುಗರು "ಹೌದಾ ಆಂಟಿ, ಇಂಟರೆಸ್ಟಿಂಗ್ ಆಂಟಿ" ಎನ್ನುತ್ತಾ ಮೆಲ್ಲಗೆ ಉಪ್ಪಿನಕಾಯಿಯ ಕಡೆ ಸರಿದರು. ಆಗಲೇ ಹೊಳೆದದ್ದು: ಇದನ್ನು ಕೇಳುವ ಜನ ಬೇರೆ ಎಲ್ಲೋ ಇದ್ದಾರೆ, ಅವರನ್ನು ನಾನೇ ಹುಡುಕಿಕೊಂಡು ಹೋಗಬೇಕು.

ಮಾರ್ಚ್ ತಿಂಗಳಲ್ಲಿ ಹತ್ತಿರದ ಒಂದು ಚರ್ಚಿನ ಹಾಲಿನಲ್ಲಿ ಐರಿಶ್ ಹಬ್ಬವಿತ್ತು. ಒಂದು ಮೇಜು ಹಿಡಿದು, ಓದಿ ಮುಗಿಸಿದ ಇಪ್ಪತ್ತು ಪುಸ್ತಕಗಳನ್ನು ಹರವಿ ಕೂತೆ. ಹಸಿರು ಟೋಪಿಯ ಒಬ್ಬ ಮುದುಕ ಬಂದು, ನನ್ನ ಕುಂಕುಮವನ್ನೂ ಪುಸ್ತಕಗಳನ್ನೂ ಎರಡೆರಡು ಸಲ ನೋಡಿ, "ಅಂಗಡಿಯವರು ಎಲ್ಲಿಗೆ ಹೋಗಿದ್ದಾರೆ?" ಎಂದು ಕೇಳಿದ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಅಂಗಡಿಯವಳು ನಾನೇ, ನಿಮ್ಮ ಪೂರ್ವಿಕರು ಯಾವ ಜಿಲ್ಲೆ ಎಂದೆ. ಆತ ಹೇಳಿದ. ಆ ಜಿಲ್ಲೆಯಲ್ಲಿ ಬರಗಾಲದಲ್ಲಿ ಏನಾಯಿತು, ಯಾವ ಬಂದರಿನಿಂದ ಹಡಗು ಬಿಟ್ಟವು ಎಂದು ನಾನು ಹತ್ತು ನಿಮಿಷ ಒಂದೇ ಉಸಿರಿನಲ್ಲಿ ಹೇಳಿದೆ. ಮುದುಕ ಟೋಪಿ ತೆಗೆದು ಕೂತುಬಿಟ್ಟ. ಹೋಗುವಾಗ ಮೂರು ಪುಸ್ತಕ ಕೊಂಡ. ಸಂಜೆಯ ಹೊತ್ತಿಗೆ ಮೇಜು ಖಾಲಿ. ಮನೆಗೆ ಬರುವಾಗ ನನ್ನ ಕಾಲು ನೆಲದ ಮೇಲಿರಲಿಲ್ಲ.

ಅಲ್ಲಿಂದ ಹಿಡಿಯಿತು ಹುಚ್ಚು. ವಾರವೆಲ್ಲ ಹುಡುಕುವುದು, ಲೈಬ್ರರಿ, ಚರ್ಚು, ಮನೆ ಖಾಲಿ ಮಾಡುವವರ ಗ್ಯಾರೇಜು. ಶನಿವಾರ ಬಂದರೆ ವ್ಯಾನಿನ ಹಿಂದಿನ ಸೀಟು ಕಿತ್ತು ಪೆಟ್ಟಿಗೆ ತುಂಬಿಕೊಂಡು ದಕ್ಷಿಣಕ್ಕೆ ಹೊರಡುವುದು. ಕ್ಯಾರೊಲೈನಾಗಳಲ್ಲಿ ಐರಿಶ್ ಮೂಲದ ಜನ ಬಹಳ, ಜಾತ್ರೆಗಳೂ ಬಹಳ. ದೊಡ್ಡದೆಂದರೆ ಅಟ್ಲಾಂಟಾದ್ದು. ಇವರು ಡ್ರೈವ್ ಮಾಡುತ್ತಿದ್ದರು, ನಾನು ಪಕ್ಕದಲ್ಲಿ ಚಿತ್ರಾನ್ನದ ಡಬ್ಬಿ ಹಿಡಿದು ಹೊಸ ಪುಸ್ತಕಗಳನ್ನು ಗಟ್ಟಿಯಾಗಿ ಓದುತ್ತಿದ್ದೆ. ವರ್ಜೀನಿಯಾ ದಾಟುವುದರೊಳಗೆ ಐರ್ಲೆಂಡಿನ ಒಂದು ದಂಗೆ ಮುಗಿದಿರುತ್ತಿತ್ತು.

ಎರಡನೇ ವರ್ಷ ಅವ್ವ ಧಾರವಾಡದಿಂದ ಆರು ತಿಂಗಳಿಗೆಂದು ಬಂದಳು. ಬಂದ ಮೂರನೇ ದಿನಕ್ಕೆ ಸುಮ್ಮನೆ ಕೂತು ಬೇಸರ ಬಂದು ನನ್ನ ಪುಸ್ತಕದ ರಾಶಿಯನ್ನು ನೋಡಿದಳು. ಬಹುಪಾಲು ಪುಸ್ತಕಗಳಿಗೆ ಮೇಲೊಂದು ಬಣ್ಣದ ಕಾಗದದ ಹೊದಿಕೆ ಇರುತ್ತಿತ್ತು. ಅಂಚು ಹರಿದು, ಮಡಿಕೆ ಬಿಟ್ಟು, ಜೋಲುತ್ತಿದ್ದ ಹೊದಿಕೆಗಳು. ಅವ್ವ ಮುಖ ಸಿಂಡರಿಸಿದಳು.

"ಹರಕ ಅಂಗಿ ಹಾಕಿ ಯಾರರ ಮಕ್ಕಳನ್ನ ಪ್ಯಾಟಿಗೆ ಕಳಸ್ತಾರೇನು?"

ನಿಜವಲ್ಲವೇ! ಜೂನ್ ತಿಂಗಳು ಬಂತೆಂದರೆ ಶಾಲೆಯ ಪ್ರತಿಯೊಂದು ಪುಸ್ತಕಕ್ಕೂ ಖಾಕಿ ಹಾಳೆಯ ಹೊದಿಕೆ, ಅದರ ಮೇಲೊಂದು ಲೇಬಲ್. ಅದಿಲ್ಲದೆ ಪಾಠಕ್ಕೆ ಕೂತರೆ ಮೇಷ್ಟ್ರು ಕಿವಿ ಹಿಂಡುತ್ತಿದ್ದರು. ಇಲ್ಲಿ ಖಾಕಿ ಹಾಳೆಗೆ ಬರವೇ? ಕಿರಾಣಿ ಅಂಗಡಿಯವರು ಸಾಮಾನು ತುಂಬಿ ಕೊಡುವ ಚೀಲಗಳೇ ದಪ್ಪ ಖಾಕಿ ಕಾಗದದವು. ಅವ್ವ ಅವುಗಳನ್ನು ಕತ್ತರಿಸಿ, ಇಸ್ತ್ರಿ ಮಾಡಿ, ಮೂಲೆಗಳನ್ನು ಒಳಕ್ಕೆ ಮಡಚಿ, ಒಂದೊಂದಕ್ಕೂ ಹೊಸ ಅಂಗಿ ತೊಡಿಸಿದಳು. ಹರಿದ ಹಳೆಯ ಹೊದಿಕೆಗಳನ್ನು ಏನು ಮಾಡಲಿ ಎಂದಾಗ, "ತಗದಬಿಡ" ಎಂದವಳು ನಾನೇ. ಒಂದು ತೆಳ್ಳನೆಯ ಪುಸ್ತಕದ ಹೊದಿಕೆ ಬಿಚ್ಚುವಾಗ ಮಾತ್ರ ಅವಳು ನನ್ನನ್ನು ಕರೆದದ್ದು ನೆನಪಿದೆ. ಹಳ್ಳಿಯ ಮೇಷ್ಟ್ರೊಬ್ಬರು ತಮ್ಮ ಶಾಲೆಯ ಬಗ್ಗೆ ಬರೆದ ಪುಸ್ತಕ ಅದು. ಹೊದಿಕೆಯ ಹಿಂಬದಿಗೆ ಶಾಲೆಯ ಮಕ್ಕಳ ಫೋಟೋ. ಕಲ್ಲಿನ ಗೋಡೆ, ಬರಿಗಾಲು.

"ಇಲ್ಲಿ ನೋಡ, ಈ ತುದೀಗಿನ ಹುಡುಗಿ ಕೂಸಿನ್ನ ಬಗಲಾಗ ಇಟಗೊಂಡು ಹೆಂಗ ನಿಂತಾಳ. ನಮ್ಮ ಊರಾಕೀನ ಅನ್ನಬೇಕು."

ಹೂಂ ಎಂದು ನೋಡಿದೆ, ನಕ್ಕೆ, ನನ್ನ ಕೆಲಸಕ್ಕೆ ಹೋದೆ.

ಆ ಸಲ ಅಟ್ಲಾಂಟಾದಲ್ಲಿ ನನ್ನ ಮೇಜನ್ನು ನೋಡಬೇಕಿತ್ತು! ನೂರು ಪುಸ್ತಕಗಳು ಒಂದೇ ಸಮವಸ್ತ್ರದಲ್ಲಿ, ಮೇಲೆ ಧಾರವಾಡದಿಂದ ತರಿಸಿದ ಲೇಬಲ್ಲುಗಳಲ್ಲಿ ನನ್ನ ಗುಂಡಾದ ಅಕ್ಷರ. ಇಬ್ಬರು ಗಡ್ಡದವರು ಬಂದು, ಖಾಕಿ ಎತ್ತಿ ಒಳಗೆ ಇಣುಕಿ, ಮುಖ ಮುಖ ನೋಡಿಕೊಂಡು ತಲೆಯಾಡಿಸಿ ಹೋದರು. ಅವರದೂ ಆಚೆ ಕಡೆ ಒಂದು ಪುಸ್ತಕದ ಮೇಜಿತ್ತು. ಹೊಟ್ಟೆಕಿಚ್ಚು ಎಂದುಕೊಂಡೆ. ಹಳೆ ಪುಸ್ತಕದ ಲೋಕದಲ್ಲಿ ಆ ಹರಕು ಹೊದಿಕೆಗೇ ಹೆಚ್ಚು ಬೆಲೆ, ಅದಿಲ್ಲದ ಪುಸ್ತಕ ಅರ್ಧ ಪುಸ್ತಕ ಎಂದು ಆಗ ನನಗೆ ಯಾರು ಹೇಳಬೇಕು? ಹೇಳಿದ್ದರೂ ನಾನು ಕೇಳುವ ಪೈಕಿಯವಳಲ್ಲ.

ಅವ್ವ ಊರಿಗೆ ಮರಳಿ ಒಂದು ತಿಂಗಳಾಗಿತ್ತು, ಕ್ಯಾರೊಲೈನಾದ ಷಾರ್ಲೆಟ್ಟಿನಲ್ಲಿ ಜಾತ್ರೆ. ಮಧ್ಯಾಹ್ನದ ಹೊತ್ತಿಗೆ ಒಬ್ಬ ಹೆಂಗಸು ಬಂದಳು. ಎಪ್ಪತ್ತರ ಹತ್ತಿರದ ವಯಸ್ಸು, ಬಿಳಿ ಬೂಟು, ಬೆನ್ನು ನೆಟ್ಟಗೆ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತಳಾದವಳು ಎಂದು ಆಮೇಲೆ ತಿಳಿಯಿತು. ಅಂದಿನಿಂದ ನಮ್ಮ ಮನೆಯಲ್ಲಿ ಅವಳ ಹೆಸರು ನರ್ಸಮ್ಮ. ಲೇಬಲ್ಲುಗಳ ಮೇಲೆ ಬೆರಳಾಡಿಸುತ್ತಾ ಬಂದವಳು ಆ ಮೇಷ್ಟ್ರ ಪುಸ್ತಕದ ಹತ್ತಿರ ನಿಂತಳು. ಎರಡೂ ಕೈಯಲ್ಲಿ ಎತ್ತಿಕೊಂಡಳು. ಖಾಕಿ ಹಾಳೆಯ ಮಡಿಕೆಗಳನ್ನು ಒಂದೊಂದಾಗಿ ಬಿಚ್ಚಿ, ಪುಸ್ತಕವನ್ನು ತಿರುವಿ ಹಿಂಬದಿ ನೋಡಿದಳು. ಬರೀ ನೀಲಿ ರಟ್ಟು.

"ಇದರ ಹೊದಿಕೆ ಎಲ್ಲಿ?"

ಯಾಕೆ ಎಂದೆ. ನಿಂತಲ್ಲೇ ಹೇಳಿದಳು. ಅವಳ ಅಮ್ಮ ಆ ಶಾಲೆಯಲ್ಲಿ ಓದಿದವಳು. ಅಮೆರಿಕಕ್ಕೆ ಬಂದು ಮದುವೆಯಾಗಿ, ಮಗಳಿಗೆ ಎರಡು ವರ್ಷವಾದಾಗ ತೀರಿಕೊಂಡಳು. ಮನೆಯಲ್ಲಿ ಅವಳ ಒಂದು ಫೋಟೋ ಕೂಡ ಇರಲಿಲ್ಲ. ನರ್ಸಮ್ಮನಿಗೆ ಹನ್ನೆರಡು ವರ್ಷವಾಗಿದ್ದಾಗ ಅಮ್ಮನ ಊರಿನವಳೇ ಆದ ಸೋದರತ್ತೆಯ ಮನೆಯಲ್ಲಿ ಈ ಪುಸ್ತಕ ನೋಡಿದ್ದಳಂತೆ. ಅತ್ತೆ ಹೊದಿಕೆಯ ಹಿಂಬದಿಗೆ ಬೆರಳಿಟ್ಟು, ಬಲತುದಿಯಲ್ಲಿ ತಮ್ಮನನ್ನು ಎತ್ತಿಕೊಂಡು ನಿಂತವಳೇ ನಿನ್ನ ಅಮ್ಮ ಎಂದಿದ್ದಳಂತೆ. ಆಮೇಲೆ ಅತ್ತೆಯೂ ಹೋದಳು, ಪುಸ್ತಕವೂ ಹೋಯಿತು. ಅಂದಿನಿಂದ ಹುಡುಕುತ್ತಿದ್ದಾಳೆ. ಲೈಬ್ರರಿಗಳಲ್ಲಿ ಪುಸ್ತಕ ಸಿಕ್ಕಿತ್ತು, ಹೊದಿಕೆ ಮಾತ್ರ ಯಾರೂ ಇಟ್ಟಿರಲಿಲ್ಲ.

"ಒಂದೇ ಒಂದು ಸಲ ನೋಡಿದ್ದು. ಮುಖ ಮರೆತುಹೋಗ್ತಾ ಇದೆ," ಎಂದಳು.

ಬಗಲಲ್ಲಿ ಕೂಸು, ತುದಿಯ ಹುಡುಗಿ. ನಾನು ನೋಡಿದ್ದೆ! ನಕ್ಕಿದ್ದೆ! "ತಗದಬಿಡ" ಎಂದಿದ್ದೆ. ಆ ಕಾಗದ ಕಸದ ಗಾಡಿಯಲ್ಲಿ ಹೋಗಿ ಎಷ್ಟು ತಿಂಗಳಾಯಿತೋ. ಅದನ್ನು ಅವಳ ಮುಖ ನೋಡಿ ಹೇಳಬೇಕಿತ್ತು. ಹೇಳಲು ಬಾಯಿ ತೆರೆದೆ. ಹೊರಬಂದದ್ದೇ ಬೇರೆ.

"ಮನೆಯಲ್ಲಿದೆ. ಜೋಪಾನವಾಗಿದೆ. ಮುಂದಿನ ಶನಿವಾರ ತಂದುಕೊಡ್ತೀನಿ."

ನರ್ಸಮ್ಮ ನನ್ನನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಚೀಟಿಯ ಮೇಲೆ ವಿಳಾಸ ಬರೆದುಕೊಟ್ಟು, ಪುಸ್ತಕವನ್ನು ಎದೆಗವಚಿಕೊಂಡು ಹೋದಳು.

ಭಾನುವಾರ ಏಳು ಗಂಟೆಯ ದಾರಿಯುದ್ದಕ್ಕೂ ನಾನು ಒಂದು ಪುಟ ಓದಲಿಲ್ಲ. ಇವರು ರೇಡಿಯೋ ಹಾಕಿದರು, ನಾನು ಆರಿಸಿದೆ.

"ಸುಳ್ಳು ಯಾಕೆ ಹೇಳ್ದೆ ಮಾರಾಯ್ತಿ? ಸಾರಿ ಅಂದಿದ್ರೆ ಮುಗೀತಿತ್ತು."

"ನೀವು ಆಕಿ ಮುಖಾ ನೋಡಿಲ್ಲ," ಎಂದೆ.

ಮಾಡಿದ್ದುಣ್ಣೋ ಮಹರಾಯ ಎಂದುಕೊಳ್ಳುತ್ತಾ ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಹುಡುಕಿದೆ. ಪೆಟ್ಟಿಗೆಗಳ ತಳ, ಮಂಚದ ಕೆಳಗೆ, ಹಳೇ ಪೇಪರಿನ ಕಟ್ಟು. ಇಲ್ಲ. ಅವ್ವನಿಗೆ ಫೋನ್ ಮಾಡೋಣವೆಂದರೆ ಅಲ್ಲಿ ನಡುರಾತ್ರಿ. ಗಡಿಯಾರ ನೋಡುತ್ತಾ ಕೂತೆ. ಅವ್ವ ಎದ್ದು ಅಂಗಳಕ್ಕೆ ನೀರು ಹಾಕುವ ಹೊತ್ತು ಲೆಕ್ಕ ಹಾಕಿ, ಸಂಜೆ ಎಂಟಕ್ಕೆ ನಂಬರು ಒತ್ತಿದೆ.

"ಅವ್ವಾ, ಆ ಪುಸ್ತಕದ ಹರಕ ಹೊದಿಕಿ ಎಲ್ಲಾ ಕಸದಾಗ ಹಾಕಿದ್ಯೇನ?"

"ಕಸದಾಗ?" ಅವ್ವನ ದನಿ ಏರಿತು. "ಅಷ್ಟು ಚಲೋ ದಪ್ಪ ಹಾಳಿ ಯಾರರ ಕಸದಾಗ ಹಾಕ್ತಾರೇನು? ನಿನ್ನ ಮಸಾಲಿ ಡಬ್ಬಿ ಕಪಾಟಿನ್ಯಾಗ ಹಾಸೇನಲ್ಲ! ತಿಂಗಳಾತು, ಡಬ್ಬಿ ಎತ್ತಿ ಒಮ್ಮೆರ ಒರಸೀಯೇನು? ಹೊಲಸ ಹೆಂಗಸ!"

ನಾನು ಫೋನಿನಲ್ಲೇ ಕಿರುಚಿದೆ. ಬೈಸಿಕೊಂಡು ಇಷ್ಟು ಖುಷಿ ನನಗೆ ಜನ್ಮದಲ್ಲಿ ಆಗಿರಲಿಲ್ಲ. ಒಂದೊಂದು ಡಬ್ಬಿಯನ್ನೂ ಕಿತ್ತು ನೆಲಕ್ಕಿಳಿಸಿದೆ: ಮೆಂತ್ಯ, ಸಾಸಿವೆ, ಇಂಗು, ಗುರೆಳ್ಳು ಚಟ್ನಿ. ಅವ್ವ ಬಿಳಿ ಮಗ್ಗುಲು ಮೇಲೆ ಬರುವಂತೆ ಹಾಸಿದ್ದಳು. ಎತ್ತಿ ಮಗುಚಿ ನೋಡಿದರೆ ಕೋಟೆ, ಹಡಗು, ಕುದುರೆ. ಐರ್ಲೆಂಡ್ ದೇಶವೇ ನನ್ನ ಒಗ್ಗರಣೆಯ ಕೆಳಗೆ ಮಲಗಿತ್ತು. ಎರಡನೇ ಹಲಗೆಯಲ್ಲಿ ಕಲ್ಲಿನ ಗೋಡೆ ಸಿಕ್ಕಿತು. ಮೇಷ್ಟ್ರು ಸಿಕ್ಕರು, ಆರು ಮಕ್ಕಳು ಸಿಕ್ಕರು. ಅಲ್ಲಿಗೆ ಕಾಗದ ಮುಗಿದಿತ್ತು. ಅವ್ವ ಹಲಗೆಯ ಅಳತೆಗೆ ಕತ್ತರಿಸಿದ್ದಳು. ಬಲಗಡೆಯ ಅರ್ಧ ಇರಲಿಲ್ಲ.

ಕೈಗೆ ಬಂದ ತುತ್ತು ಬಾಯಿಗೆ ಬರದೆ ಹೋಯಿತೇ ಎಂದು ನಾನು ನೆಲದ ಮೇಲೇ ಕೂತೆ. ಆಗ ಇವರು, "ಆ ಎಣ್ಣೆ ಡಬ್ಬ ಎತ್ತೇ ಇಲ್ವಲ್ಲ," ಎಂದರು.

ಶೇಂಗಾ ಎಣ್ಣೆಯ ಐದು ಸೇರಿನ ಡಬ್ಬ, ಕೆಳಗಿನ ಹಲಗೆಯಲ್ಲಿ. ಎಣ್ಣೆ ಸೋರಿ ಜಿಗಟಾಗಿ ಕಾಗದ ಡಬ್ಬಕ್ಕೂ ಹಲಗೆಗೂ ಅಂಟಿಕೊಂಡಿತ್ತು. ನಾನು ಎಳೆಯಹೋದೆ. "ಕೈ ತೆಗಿ!" ಎಂದು ಇವರು ಗದರಿದರು, ಮದುವೆಯಾದ ಮೇಲೆ ಮೊದಲ ಸಲ ಗದರಿದ್ದು. ನನ್ನ ಹೇರ್ ಡ್ರೈಯರ್ ತಂದು, ಲ್ಯಾಬಿನಲ್ಲಿ ಕೂತವರ ಹಾಗೆ ಕೂತು, ಸುತ್ತಲೂ ಬೆಚ್ಚಗಿನ ಗಾಳಿ ಹಿಡಿದು, ಬೆಣ್ಣೆ ಹಚ್ಚುವ ಚಾಕುವಿನಿಂದ ಎಳೆ ಎಳೆಯಾಗಿ ಬಿಡಿಸಿದರು. ಅರ್ಧ ಗಂಟೆ ಹಿಡಿಯಿತು. ನಾನು ಆ ಅರ್ಧ ಗಂಟೆಯಲ್ಲಿ ಯಲ್ಲಮ್ಮನಿಗೂ ಮಂತ್ರಾಲಯದ ರಾಯರಿಗೂ ಬೇರೆ ಬೇರೆ ಹರಕೆ ಹೊತ್ತೆ. ಕೊನೆಗೆ ಕಾಗದ ಬಿಟ್ಟು ಬಂತು. ಮೆಲ್ಲಗೆ ಮಗುಚಿದರು.

ಇದ್ದಳು. ಎಣ್ಣೆ ಹೀರಿ ಕಾಗದ ಪಾರದರ್ಶಕವಾಗಿತ್ತು, ಸೊಂಟದಿಂದ ಕೆಳಗೆ ಅರಿಶಿನ ಹರಡಿತ್ತು. ಮುಖಕ್ಕೆ ಏನೂ ಆಗಿರಲಿಲ್ಲ. ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಕೂಸನ್ನು ಬಗಲಲ್ಲಿಟ್ಟುಕೊಂಡು, ನಮ್ಮನ್ನೇ ನೋಡುತ್ತಿದ್ದಳು. ನಾನು ಗೊಳೋ ಎಂದು ಅತ್ತೆ. ಇವರು ಹೇರ್ ಡ್ರೈಯರ್ ಆರಿಸುವುದನ್ನೇ ಮರೆತು ಕೂತಿದ್ದರು.

ಶನಿವಾರ ಎರಡೂ ತುಂಡುಗಳನ್ನು ಎರಡು ಸ್ಟೀಲ್ ತಾಟುಗಳ ನಡುವೆ ಇಟ್ಟು, ರಬ್ಬರ್ ಬ್ಯಾಂಡ್ ಬಿಗಿದು, ಏಳು ಗಂಟೆ ತೊಡೆಯ ಮೇಲೆ ಇಟ್ಟುಕೊಂಡು ಷಾರ್ಲೆಟ್ಟಿಗೆ ಹೋದೆ. ನರ್ಸಮ್ಮನ ಅಡುಗೆಮನೆಯ ಮೇಜಿನ ಮೇಲೆ ಪುಸ್ತಕ ಕಾಯುತ್ತಿತ್ತು. ಅವ್ವನ ಖಾಕಿ ಅಂಗಿಯನ್ನು ಅವಳು ಮತ್ತೆ ನೀಟಾಗಿ ತೊಡಿಸಿದ್ದಳು. ನಾನು ತಾಟು ಬಿಚ್ಚಿ, ತುಂಡುಗಳನ್ನು ಜೋಡಿಸಿಟ್ಟು, ಹಿಂದೆ ಸರಿದು ನಿಂತೆ.

ಅವಳು ಕನ್ನಡಕ ಹಾಕಿಕೊಂಡಳು. ತೆಗೆದಳು, ಒರೆಸಿ ಮತ್ತೆ ಹಾಕಿಕೊಂಡಳು. ತುದಿಯ ಹುಡುಗಿಯ ಹತ್ತಿರ ಬೆರಳಿಟ್ಟು, "ಎಷ್ಟು ಚಿಕ್ಕವಳು," ಎಂದಳು.

ನನಗೆ ತಡೆಯಲಾಗಲಿಲ್ಲ. "ಅವತ್ತು ಸುಳ್ಳು ಹೇಳಿದೆ," ಎಂದೆ. "ಇದು ಕಸಕ್ಕೆ ಹೋಗಿದೆ ಅಂತಲೇ ಅಂದುಕೊಂಡಿದ್ದೆ."

"ಗೊತ್ತಿತ್ತು," ಎಂದಳು, ಕಣ್ಣೆತ್ತದೆ. "ನಲವತ್ತು ವರ್ಷ ನರ್ಸ್ ಆಗಿದ್ದೆ. ಎಲ್ಲ ಸರಿಹೋಗುತ್ತೆ ಅಂತ ಎಷ್ಟು ಜನಕ್ಕೆ ಹೇಳಿದ್ದೀನೋ. ಹೇಳುವಾಗ ಮುಖ ಹೇಗಿರುತ್ತೆ ಅಂತ ನನಗೆ ಗೊತ್ತಿಲ್ವಾ? ಆದರೂ ವಾರವೆಲ್ಲ ಕಾದೆ."

ಕಲೆ ತೆಗೆಯುವವರು ವಾಷಿಂಗ್ಟನ್ನಿನಲ್ಲಿ ಇದ್ದಾರೆ, ಮಾಡಿಸಿಕೊಡುತ್ತೇನೆ ಎಂದೆ. ಅವಳು ಬಗ್ಗಿ ಕಾಗದವನ್ನು ಮೂಸಿದಳು. ಇಂಗು, ಮೆಂತ್ಯ, ಶೇಂಗಾ ಎಣ್ಣೆ. ಮತ್ತೊಮ್ಮೆ ಮೂಸಿದಳು.

"ಬೇಡ," ಎಂದಳು. "ಅಮ್ಮನ ವಾಸನೆ ಹೇಗಿತ್ತು ಅಂತ ನನಗೆ ಗೊತ್ತೇ ಇಲ್ಲ. ಇನ್ನು ಮೇಲೆ ಇದೇ ಇರಲಿ."

ಮರುದಿನ ಅವ್ವನಿಗೆ ಫೋನ್ ಮಾಡಿದೆ. ಅವಳ ಮೊದಲ ಪ್ರಶ್ನೆ, "ಎಣ್ಣಿ ಹತ್ತೇತಿ ಅಂತ ಆಕಿ ಬೈದಳೇನು?" ನಾನು ನರ್ಸಮ್ಮ ಹೇಳಿದ್ದನ್ನು ಹಾಗೇ ಹೇಳಿದೆ.

"ಹಂಗಾರ ನಂದೂ ಒಂದು ಫೋಟೋ ಅಲ್ಲೇ ಹಾಸಿ ಇಟ್ಟಬಿಡ," ಎಂದಳು.

"ಸುಮ್ಮನಿರ ಅವ್ವಾ, ಏನರ ಮಾತಾಡಬ್ಯಾಡ," ಎಂದು ರೇಗಿದೆ. ಅವಳು ನಕ್ಕು ಫೋನ್ ಇಟ್ಟಳು.

ಆಮೇಲೆ ಆಲ್ಬಮ್ ತೆಗೆದೆ. ನಮ್ಮ ಊಟದ ಮೇಜಿನ ಮುಂದೆ ಖಾಕಿ ಹಾಳೆಯ ರಾಶಿಯ ನಡುವೆ ಕತ್ತರಿ ಹಿಡಿದು ಕೂತ ಅವ್ವನ ಫೋಟೋ ಒಂದಿತ್ತು, ಇವರು ತೆಗೆದದ್ದು. ಎರಡನೇ ಹಲಗೆಯನ್ನು ಚೊಕ್ಕಟವಾಗಿ ಒರೆಸಿ, ಅದನ್ನು ಹಾಸಿ, ಮೇಲೆ ಇಂಗಿನ ಡಬ್ಬಿ ಇಟ್ಟೆ.